ಎಂಬತ್ತು ಹೆಜ್ಜೆಗೊಂದು ಮೆತ್ತನೆ ಜಾಗ

ರಾಯಚೂರಿನ ಹೊರಗಿದ್ದ ನಮ್ಮ ಪ್ಲಾಂಟಿನಿಂದ ಮಾನ್ವಿ ದಾಟಿ ಹಿರೇಕೊಟ್ನೆಕಲ್ ಕಡೆಯ ಕೆಲಸದ ಜಾಗಕ್ಕೆ ಮಾಲು ಮುಟ್ಟಬೇಕಾದರೆ ಒಂದೂವರೆ ತಾಸು. ಮಾಲು ಅಂದರೆ ಜಲ್ಲಿ ಕಡಿ, ಕಲ್ಲುಪುಡಿ, ಡಾಂಬರು ಮೂರನ್ನೂ ಕಾಸಿ ಕೂಡಿಸಿದ್ದು. ಟಿಪ್ಪರಿಗೆ ಬೀಳುವಾಗ ನೂರ ಅರವತ್ತು ಡಿಗ್ರಿ ಬಿಸಿ ಇರುತ್ತದೆ. ಹಾದಿಯಲ್ಲಿ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಆರಿದರೂ ನಡೆಯುತ್ತದೆ. ಅದಕ್ಕಿಂತ ಆರಿತೋ, ರೋಲರ್ ಎಷ್ಟು ಸಲ ಹೋಗಿ ಬಂದರೂ ಕಡಿಗೆ ಕಡಿ ಹಿಡಿಯುವುದಿಲ್ಲ. ನಾನು ಆ ಕೆಲಸದ ಮೇಸ್ತ್ರಿ. ಮಾಲಿನ ಬಿಸಿ ನೋಡಲು ನಾನು ಯಾವತ್ತೂ ಥರ್ಮಾಮೀಟರ್ ಮುಟ್ಟಿದವನಲ್ಲ. ನೀಲಿ ಹೊಗೆ ಎದ್ದರೆ ಡಾಂಬರು ಸುಟ್ಟಿದೆ. ಮಾಲು ಗೋಪುರದಂತೆ ಮೊನೆ ಮಾಡಿ ನಿಂತರೆ ಆರಿದೆ. ಹೊಳೆಯುತ್ತ ಮೆಲ್ಲಗೆ ಜಾರಿದರೆ ಸರಿಯಿದೆ. ಇಷ್ಟೇ. ಸಾಹೇಬರು ಕಡ್ಡಿ ಚುಚ್ಚಿ ನೋಡಿ ಹೇಳುವ ಲೆಕ್ಕಕ್ಕೂ ನಾನು ದೂರ ನಿಂತು ಹೇಳುವ ಲೆಕ್ಕಕ್ಕೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದಿಲ್ಲ. ಜಾಲಹಳ್ಳಿಯ ಸಾಲಿಯನ್ನು ನಾಲ್ಕನೇ ಕ್ಲಾಸಿಗೆ ಬಿಟ್ಟವನಿಗೆ ಆ ಐದು ಡಿಗ್ರಿ ದೊಡ್ಡ ಮಾತು.

ದೂರದ ಕೆಲಸದಲ್ಲಿ ಇನ್ನೊಂದು ತೊಂದರೆ ಇದೆ. ಮಾಲು ಟಿಪ್ಪರಿನ ತೊಟ್ಟಿಗೆ ಅಂಟಿಕೊಳ್ಳುತ್ತದೆ. ಅಂಟಬಾರದೆಂದು ಖಾಲಿ ತೊಟ್ಟಿಗೆ ಕಸಬರಿಗೆಯಿಂದ ಡೀಸೆಲ್ ಸವರುವುದು ನಮ್ಮಲ್ಲಿ ಎಲ್ಲರೂ ಮಾಡುವ ಪದ್ಧತಿ. ನನಗೆ ನನ್ನ ಮೇಸ್ತ್ರಿ ಕಲಿಸಿದ್ದು, ನಾನು ಕೈಕೆಳಗಿನ ಹತ್ತಾರು ಮಂದಿಗೆ ಕಲಿಸಿದ್ದು. ಸಲಿಕೆ, ರೇಕು, ಕೊನೆಗೆ ರೋಲರಿನ ಗಾಲಿಗೂ ಡೀಸೆಲ್ಲೇ.

ಆ ಚಳಿಗಾಲಕ್ಕೆ ಪ್ಲಾಂಟಿನ ಲ್ಯಾಬಿಗೆ ಹೊಸದಾಗಿ ಒಬ್ಬ ಹೆಣ್ಣುಮಗಳು ಬಂದಿದ್ದರು. ಸಿಂಧನೂರು ಕಡೆಯವರು, ಎಂಜಿನಿಯರಿಂಗ್ ಓದಿ ಎರಡು ವರ್ಷವಾಗಿತ್ತೋ ಏನೋ. ನಾವು ಮೇಡಂ ಅನ್ನುತ್ತಿದ್ದೆವು. ಕೆಲಸ ಸುರುವಾದ ದಿನ ಬೆಳಿಗ್ಗೆ ಮೊದಲ ಟಿಪ್ಪರಿನ ಮುಂದೆ ಬಂದು ನಿಂತರು.

"ಮೇಸ್ತ್ರಿ, ಇದೇನು ಹಚ್ಚಾಕತ್ತೀರಿ?"

"ಡೀಸೆಲ್ ರೀ ಮೇಡಂ. ಮಾಲು ಅಂಟಬಾರದಲ್ರೀ."

"ಡೀಸೆಲ್ ಡಾಂಬರ ಕರಗಸ್ತದ. ಸೋಪಿನ ನೀರು ಹಚ್ಚಸ್ರಿ."

"ಸೋಪಿನ ನೀರಿಲೆ ನಾವು ಮೈ ತೊಳಕೊಂತೀವ್ರೀ. ಟಿಪ್ಪರಿಗೂ ಜಳಕ ಮಾಡಸಬೇಕೇನು?"

ಡ್ರೈವರುಗಳು ಹೊಟ್ಟೆ ಹಿಡಿದು ನಕ್ಕರು. ಮೇಡಂ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ.

"ಡಾಂಬರ ಎಲ್ಲಿಂದ ಬರ್ತದ ಗೊತ್ತದೇನು ಮೇಸ್ತ್ರಿ?"

"ಟ್ಯಾಂಕರಿನಾಗಿಂದ ಬರ್ತದ್ರೀ."

ಮತ್ತೆ ನಗೆ. ಅವರು ನಗೆ ನಿಲ್ಲುವ ತನಕ ಕಾದು ಹೇಳಿದರು. "ನೆಲದಾಗಿಂದ ಬರ್ತದ. ಕೆಲವು ದೇಶದಾಗ ಅದು ತಾನ ಉಕ್ಕಿ ಕೆರಿ ಆಗಿ ನಿಂತದ. ಮ್ಯಾಲೆ ಮನಷಾರು ಅಡ್ಡಾಡ್ತಾರ. ಹಗುರ ಎಣ್ಣಿ ಎಲ್ಲ ಸಾವಿರಾರು ವರ್ಷ ಬಿಸಲಿಗೆ ಹಾರಿ ಹೋಗಿ, ಉಳಿದ ಗಟ್ಟಿ ಅದು. ನಮ್ಮ ಟ್ಯಾಂಕರಿಂದು ಕಾರ್ಖಾನಿಯೊಳಗ ತಯಾರಾದದ್ದು, ಆದ್ರ ಅಲ್ಲಿ ಆಗೂದೂ ಅದ ಕೆಲಸ. ಕಚ್ಚಾ ಎಣ್ಣಿ ಕಾಸಿ ಪೆಟ್ರೋಲ್, ಡೀಸೆಲ್ ಎಲ್ಲ ಹೊರಗ ತಗದ ಮ್ಯಾಲೆ ತಳಕ್ಕ ಉಳಿದದ್ದು ಡಾಂಬರ. ಅಷ್ಟು ಬೆಂಕಿ ಹಚ್ಚಿ ಬ್ಯಾರೆ ಮಾಡಿದ್ದನ್ನ ನೀವು ಕಸಬರಿಗಿಲೆ ಮತ್ತ ಕೂಡಸಾಕತ್ತೀರಿ."

ಡ್ರೈವರುಗಳು ನನ್ನ ಬಾಯಿ ನೋಡುತ್ತಿದ್ದರು. ಆಗಲಿ ಅಂತ, ಹಚ್ಚಿದ್ದನ್ನು ಒರೆಸಿ ತೆಗೆಸಿ, ಮೊದಲ ಟಿಪ್ಪರಿಗೆ ಸೋಪಿನ ನೀರನ್ನೇ ಹೊಡೆಸಿದೆ. ಹೆಂಗೆ ಹೊಡೆಸಬೇಕು, ಎಷ್ಟು ಹೊಡೆಸಬೇಕು ಕೇಳಲಿಲ್ಲ. ಒಂದು ಬಕೆಟ್ ನೀರಿಗೆ ಒಂದು ಹಿಡಿ ಪುಡಿ ಹಾಕಿ ಚೆಲ್ಲಿಸಿದೆ, ಅಷ್ಟೇ. ಒಂದೂವರೆ ತಾಸಿನ ಮೇಲೆ ಹಿರೇಕೊಟ್ನೆಕಲ್ ಹತ್ತಿರ ತೊಟ್ಟಿ ಎತ್ತಿದರೆ ಅರ್ಧ ಮಾಲು ಮೇಲೆಯೇ ಉಳಿಯಿತು. ಡ್ರೈವರ್ ಸಲಿಕೆ ತಗೊಂಡು ಹತ್ತಿ ಕೆರೆದು ಕೆರೆದು ಇಳಿಸಿದ. ಬೂಟಿನ ಅಟ್ಟೆ ಮೆತ್ತಗಾಗಿ ಕಾಲು ಸುಟ್ಟಿತು. ಮಾಲು ಹರಡುವ ಪೇವರ್ ಮಷಿನ್ ಇಪ್ಪತ್ತು ನಿಮಿಷ ನಿಂತಿತು.

"ನಾಳಿಗೆ ಶ್ಯಾಂಪೂ ತರಲೇನು ಮೇಸ್ತ್ರಿ?" ಅಂದ ಅವನು, ಕಾಲಿಗೆ ನೀರು ಸುರಿದುಕೊಳ್ಳುತ್ತ.

ಆಗ ನಾನು ಒಂದು ಹುಕುಂ ಕೊಟ್ಟೆ. ಖಾಲಿ ಟಿಪ್ಪರ್ ಪ್ಲಾಂಟಿಗೆ ವಾಪಸ್ ಹೋಗುವಾಗ ಗೇಟಿಗಿಂತ ಮೊದಲು ಪಂಕ್ಚರ್ ಅಂಗಡಿ ಹತ್ತಿರ ನಿಲ್ಲಿಸಿ, ಡೀಸೆಲ್ ಸವರಿರಿ. ಆಮೇಲೆ ಒಳಗೆ ಹೋಗಿ, ಮೇಡಂ ಮುಂದೆ ಒಂದು ಬಕೆಟ್ ಸೋಪಿನ ನೀರು ಚೆಲ್ಲಿರಿ. ಡ್ರೈವರುಗಳು ಖುಷಿಯಾದರು. ಮೇಡಂ ದಿನಾ ಬಂದು ನೊರೆ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡು ಹೋದರು. ನಾನು ಗೆದ್ದೆ ಅಂದುಕೊಂಡೆ.

ಕೆಲಸ ಹದಿನೆಂಟು ದಿನ ನಡೆಯಿತು. ಹಳೇ ರಸ್ತೆಯ ಧೂಳು ಹೊಡೆದು, ಅಂಟಿಗೆ ತೆಳು ಡಾಂಬರು ಸಿಂಪಡಿಸಿ, ಅದು ಕಂದು ಬಣ್ಣ ಬಿಟ್ಟು ಕಪ್ಪಾಗುವ ತನಕ ಕಾದು, ಪೇವರ್ ಬಿಡುತ್ತಿದ್ದೆವು. ಅಂಚು ನಾನೇ ನಿಂತು ಎಳೆಸುತ್ತಿದ್ದೆ. ಕಾಲುವೆ ನೀರಿನ ಸೀಮೆ ಅದು, ಎರಡೂ ಕಡೆ ನೆಲ್ಲು ನಾಟಿ ಮಾಡಿದ್ದರು. ಒಂದು ಕಡೆ ರಸ್ತೆಯ ಅಡಿಯಲ್ಲಿ ಹಾದು ಒಂದು ಸಿಮೆಂಟ್ ಪೈಪು ಆ ಕಡೆಯ ಗದ್ದೆಗೆ ನೀರು ಒಯ್ಯುತ್ತಿತ್ತು. ಆ ಗದ್ದೆ ಒಬ್ಬ ಹೆಣ್ಣುಮಗಳದು. ನನಗಿಂತ ಹಿರಿಯಳು, ಗಂಡ ಇರಲಿಲ್ಲ, ನಾಲ್ಕು ಎಕರೆ ತಾನೇ ಮಾಡುತ್ತಿದ್ದಳು. ನಮ್ಮ ಮಷಿನ್ ಅಲ್ಲಿಗೆ ಬರುವ ಹಿಂದಿನ ದಿನವೇ ಬಂದು ಪೈಪಿನ ಮೇಲೆ ಕೂತಿದ್ದಳು.

"ತಮ್ಮಾ, ನಿನ್ನ ರೋಲರ್ ನನ್ನ ಪೈಪಿನ ಮ್ಯಾಲೆ ಕುಣಿಸಬ್ಯಾಡ. ಇದ ನನ್ನ ಗದ್ದಿಗೆ ಬಾಯಿ."

"ಯಕ್ಕಾ, ನಾ ಇರೂತನಕ ನಿನ್ನ ಪೈಪಿಗೆ ಏನೂ ಆಗಂಗಿಲ್ಲ. ಏಳು, ಬಿಸಲು ತಲಿಗೆ ಹೊಡಿತದ."

"ನೀ ಹೋದ ಮ್ಯಾಲೆ?"

"ನಾ ಹಾಕಿದ ರಸ್ತಿ ಇರ್ತದಲ್ಲ."

ಆ ಜಾಗದಲ್ಲಿ ರೋಲರಿನ ನಡುಕ ಬಂದ್ ಮಾಡಿಸಿ, ಬರೀ ಭಾರದ ಮೇಲೆ ಎಂಟು ಸಲ ಓಡಾಡಿಸಿದೆ. ಪೈಪು ಕೂದಲಷ್ಟೂ ಅಲುಗಲಿಲ್ಲ. ಯಕ್ಕ ನಮಗೆಲ್ಲ ಮಜ್ಜಿಗೆ ತಂದು ಕೊಟ್ಟಳು.

ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾರ್ಚಿನ ಬಿಸಿಲು ಬಿದ್ದ ಮೊದಲ ವಾರ ನಮ್ಮ ಗುತ್ತಿಗೆದಾರರ ಫೋನು ಬಂತು. ನಾನಾಗ ದೇವದುರ್ಗದಲ್ಲಿ ಬೇರೆ ಕೆಲಸದ ಮೇಲಿದ್ದೆ. "ರಸ್ತಿ ಬೆವರಾಕತ್ತದ, ಬಾ" ಅಂದರು.

ಹೋಗಿ ನೋಡಿದೆ. ಖರೇನೇ ಬೆವರುತ್ತಿತ್ತು. ಅಲ್ಲಲ್ಲಿ ಒಂದೊಂದು ಮಾರು ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಲಿಟ್ಟರೆ ಚಪ್ಪಲಿ ಹಿಡಿಯುತ್ತಿತ್ತು. ಟ್ರ್ಯಾಕ್ಟರಿನ ಗಾಲಿ ಹೋದಲ್ಲಿ ಬೆರಳು ಮುಳುಗುವಷ್ಟು ತಗ್ಗು ಬಿದ್ದು, ಕಡಿ ಕಿತ್ತು ಬಂದಿತ್ತು. ಎಲ್ಲಕ್ಕಿಂತ ದೊಡ್ಡದು ಯಕ್ಕನ ಪೈಪಿನ ಹತ್ತಿರವೇ ಆಗಿತ್ತು.

ರಸ್ತೆ ಇಲಾಖೆಯ ಮಾನ್ವಿ ಕಚೇರಿಯಿಂದ ಸೆಕ್ಷನ್ ಸಾಹೇಬರು ಬಂದಿದ್ದರು. ಪೈಪಿನ ಬಾಯಿ ನೋಡಿದರು, ತೇವದ ಮಣ್ಣು ಕಾಲಿಂದ ಒತ್ತಿ ನೋಡಿದರು. "ಎರಿ ಮಣ್ಣು. ಅದರಾಗ ನೀರಿನ ಪೈಪು. ಸೋರಿ ಸೋರಿ ರಸ್ತಿ ತಿಂದದ" ಅಂದರು. ಗುತ್ತಿಗೆದಾರರು "ಹೌದ್ರೀ ಸಾಹೇಬ್ರ, ನಾವು ಏನು ಮಾಡೋಣ್ರೀ" ಅಂದರು. ಅವರ ದನಿಯಲ್ಲಿ ಇದ್ದದ್ದು ದುಃಖವಲ್ಲ. ನೀರಿನಿಂದ ಕೆಟ್ಟರೆ ಅದು ಅವರ ಮೇಲೆ ಬರುವುದಿಲ್ಲ. ಪೈಪು ಮುಚ್ಚಿಸಿ, ಆಮೇಲೆ ರಸ್ತೆ ರಿಪೇರಿ ಮಾಡುವುದೆಂದು ಅಲ್ಲಿಯೇ ತೀರ್ಮಾನವಾಯಿತು. ನನಗೂ ಸಮಾಧಾನವೇ ಆಯಿತು. ನನ್ನ ಕೆಲಸದಲ್ಲಿ ಖೋಟಾ ಇಲ್ಲ, ನೀರು ಬಂದರೆ ಯಾರೇನು ಮಾಡಲಿಕ್ಕಾಗುತ್ತದೆ.

ಯಕ್ಕ ಗದ್ದೆಯ ಬದುವಿನ ಮೇಲಿಂದ ಕೇಳಿಸಿಕೊಂಡಳು. ನೆಲ್ಲು ಆಗತಾನೇ ತೆನೆ ಕಟ್ಟಿ ಹಾಲು ತುಂಬುವ ಹೊತ್ತು. ಆಗ ಹದಿನೈದು ದಿನ ನೀರು ತಪ್ಪಿದರೆ ಕಾಳು ತುಂಬುವುದಿಲ್ಲ, ಬರೀ ಜೊಳ್ಳು. ಇದು ನನಗೂ ಗೊತ್ತು.

"ಸಾಹೇಬ್ರ, ಮೂವತ್ತು ವರ್ಷದಿಂದ ಅದ ಈ ಪೈಪು. ಹಳೇ ರಸ್ತಿಗೆ ಏನೂ ಆಗಿದ್ದಿಲ್ಲ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀನ ಹೇಳು."

ನಾನು ಬಗ್ಗಿ ಚಪ್ಪಲಿಗೆ ಹತ್ತಿದ ಡಾಂಬರು ಕೆರೆಯತೊಡಗಿದೆ.

ಅವರು ಹೋದ ಮೇಲೆ ಎಷ್ಟು ಜಾಗ ಕಿತ್ತು ಹಾಕಬೇಕಾಗುತ್ತದೆ ಎಂದು ನೋಡಲು ರಸ್ತೆಗುಂಟ ನಡೆದೆ. ಒಂದು ಮೆತ್ತನೆ ಜಾಗದಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿದೆ. ಎಂಬತ್ತೊಂದು. ಮುಂದಿನದಕ್ಕೆ ಎಪ್ಪತ್ತೊಂಬತ್ತು. ಅದರ ಮುಂದಿನದಕ್ಕೆ ಎಂಬತ್ತು. ನಿಂತುಬಿಟ್ಟೆ. ನೀರು ಹೆಜ್ಜೆ ಎಣಿಸಿ ಸೋರುವುದಿಲ್ಲ. ಎಂಬತ್ತು ಹೆಜ್ಜೆ ಅಂದರೆ ನಮ್ಮ ಒಂದು ಟಿಪ್ಪರ್ ಮಾಲು ಹರಡುವ ಉದ್ದ. ಅಂದರೆ ಪ್ರತಿ ಟಿಪ್ಪರಿನ ಮೊದಲ ಮಾಲು ಎಲ್ಲಿ ಬಿತ್ತೋ ಅಲ್ಲಿ ರಸ್ತೆ ಮೆತ್ತಗಾಗಿದೆ. ಸವರಿದ ಡೀಸೆಲ್ ತೊಟ್ಟಿಯ ಹಿಂದಿನ ಬಾಗಿಲ ಬುಡಕ್ಕೆ ಹರಿದು ನಿಲ್ಲುತ್ತದೆ. ತೊಟ್ಟಿ ಎತ್ತಿದಾಗ ಮೊದಲು ಬೀಳುವುದು ಅಲ್ಲಿಯ ಮಾಲು. ಆದರೂ ಮನಸ್ಸು ಒಪ್ಪಲಿಲ್ಲ. ರಸ್ತೆ ದಿಬ್ಬ ಹತ್ತುವ ಕಡೆ ಹೋದೆ. ಅಲ್ಲಿ ಗದ್ದೆ ಇಲ್ಲ, ಕಾಲುವೆ ಇಲ್ಲ, ಎರಡೂ ಕಡೆ ಒಣ ಗರಸು ನೆಲ. ಅಲ್ಲಿಯೂ ಎಂಬತ್ತು ಹೆಜ್ಜೆಗೊಂದು ಹೊಳೆಯುತ್ತಿತ್ತು. ಕೊನೆಗೆ ಕೆಲಸ ಸುರು ಮಾಡಿದ ತುದಿಗೆ ಹೋದೆ, ಮೊದಲ ದಿನದ ಮೊದಲ ಟಿಪ್ಪರ್ ಸುರಿದ ಜಾಗಕ್ಕೆ. ಡ್ರೈವರ್ ಕಾಲು ಸುಟ್ಟುಕೊಂಡು ಇಳಿಸಿದ ಮಾಲು. ಅಲ್ಲಿ ಹಿಮ್ಮಡಿ ಊರಿ ಒತ್ತಿದೆ. ಕಲ್ಲಿನಂತೆ ಇತ್ತು.

ಎರಡು ತುಂಡು ಕಿತ್ತೆ, ಒಂದು ದಿಬ್ಬದ್ದು, ಒಂದು ಗಟ್ಟಿ ಜಾಗದ್ದು. ಚೀಲದಲ್ಲಿ ಹಾಕಿಕೊಂಡು ಮಾನ್ವಿಯಿಂದ ಬಸ್ ಹಿಡಿದು ರಾಯಚೂರಿಗೆ ಹೋದೆ. ಮೇಡಂ ಲ್ಯಾಬಿನಲ್ಲಿದ್ದರು. ದಿಬ್ಬದ ತುಂಡನ್ನು ಒಂದು ಡಬ್ಬಿಯಲ್ಲಿ ಹಾಕಿ ಸ್ವಲ್ಪ ಕಾಸಿ ಮೂಸಿ ನೋಡಿದರು. ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದರು. ಬೇಕಿರಲಿಲ್ಲ. ವಾಸನೆ ನಾನು ಬಸ್ಸಿನಲ್ಲೇ ಹಿಡಿದಿದ್ದೆ.

"ಮೇಸ್ತ್ರಿ, ನನ್ನ ಮುಂದ ದಿನಾ ಸೋಪ್ ಹಾಕತಿದ್ರಲ್ಲ?"

"ಗೇಟಿಗಿಂತ ಮೊದ್ಲ ಡೀಸೆಲ್ ಹಚ್ಚತಿದ್ವಿ ಮೇಡಂ. ನಾನ ಹೇಳಿದ್ದೆ."

ಅವರು ಕುರ್ಚಿ ಮೇಲೆ ಕೂತರು. ರಿಜಿಸ್ಟರ್ ಎಳೆದು ತೆರೆದು, "ನಾ ರಿಜಿಸ್ಟರಿನಾಗ ಹದಿನೆಂಟು ದಿನ ಸೋಪಿನ ನೀರು ಅಂತ ಬರದು ಸೈನ್ ಮಾಡೀನಿ" ಅಂದರು. "ಈಗ ನಾ ಡೀಸೆಲ್ ಅಂದ್ರ, ಆಗ ಸುಳ್ಳು ಬರದಿ ಅಂತಾರ. ನೀವು ಚೀಲದಾಗ ತಂದ ತುಂಡು ಲೆಕ್ಕಕ್ಕ ಬರಂಗಿಲ್ಲ. ಕಚೇರಿಯವರು ತಾವ ಬಂದು ತಗದು, ಸೀಲ್ ಹಾಕಿ ಕಳಿಸಬೇಕು. ಕಳಿಸಿದ್ರ ನಾ ಇದ್ದದ್ದು ಇದ್ದಂಗ ಬರೀತೀನಿ. ನನ್ನ ಕೆಲಸ ಹೋದ್ರೂ."

"ಅವರು ಕಳಿಸ್ತಾರೇನ್ರೀ?"

"ನೀವು ಹೋಗಿ ಕೇಳ್ರಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ ಬಿಟ್ಟು ಕೂತೆ. ದೇವದುರ್ಗದ ಬಸ್ ಹಿಡಿದರೆ ನನ್ನ ಹೊಸ ಕೆಲಸ, ನನ್ನ ಮಂದಿ, ನನ್ನ ಹೆಸರು. ಮಾನ್ವಿ ಬಸ್ ಹಿಡಿದರೆ ಕಚೇರಿ. ಮೇಸ್ತ್ರಿ ಅಂದರೆ ಅವನ ಹೆಸರೇ ಅವನ ಸರ್ಟಿಫಿಕೇಟು, ನನಗೆ ತೋರಿಸಲು ಬೇರೆ ಕಾಗದವಿಲ್ಲ. ಅದನ್ನು ನಾನೇ ಹರಿಯಬೇಕು. ಆದರೆ ಯಕ್ಕನ ನೆಲ್ಲಿಗೆ ಹಾಲು ತುಂಬುವುದು ನನ್ನ ಹೆಸರಿಗಾಗಿ ಕಾಯುವುದಿಲ್ಲ. ಮಾನ್ವಿ ಬಸ್ ಹತ್ತಿದೆ.

ಸೆಕ್ಷನ್ ಸಾಹೇಬರ ಮುಂದೆ ಗುತ್ತಿಗೆದಾರರೂ ಕೂತಿದ್ದರು. ನಾನು ತುಂಡು ಎರಡನ್ನೂ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟೆ. ಎಂಬತ್ತು ಹೆಜ್ಜೆ, ದಿಬ್ಬ, ಪಂಕ್ಚರ್ ಅಂಗಡಿ ಎಲ್ಲ ಹೇಳಿದೆ. "ತಪ್ಪು ನಂದ್ರೀ ಸಾಹೇಬ್ರ. ಪೈಪಿಂದಲ್ಲ. ಅದನ್ನ ಮುಚ್ಚಸಬ್ಯಾಡ್ರಿ."

ಸಾಹೇಬರು ಗಟ್ಟಿ ತುಂಡು ಎತ್ತಿ ನೋಡಿ ಇಟ್ಟರು. "ಮೇಸ್ತ್ರಿ, ರಿಪೋರ್ಟ್ ಮ್ಯಾಲೆ ಹೋಗ್ಯಾದ. ನೀರಿನಿಂದ ಅಂತ ನಾ ಬರದೀನಿ. ಈಗ ಡೀಸೆಲ್ಲಿಂದ ಅಂತ ಬರದ್ರ, ಕೆಲಸ ನಡಿಯೂಮುಂದ ನೀ ಎಲ್ಲಿದ್ದಿ ಅಂತ ನನ್ನ ಕೇಳ್ತಾರ."

"ನೀವು ಬಂದು ಒಂದ ಸಲ ಹೆಜ್ಜಿ ಎಣಸ್ರಿ ಸಾಕು."

ಗುತ್ತಿಗೆದಾರರು ನಕ್ಕರು. "ಏ ಮೇಸ್ತ್ರಿ, ಡೀಸೆಲ್ ಹಚ್ಚಲಾರದ ಟಿಪ್ಪರ್ ಈ ಜಿಲ್ಲಾದಾಗ ಒಂದು ತೋರ್ಸು. ಎಲ್ಲಾ ರಸ್ತಿ ನೀನ ಕೆಡಿಸಿದಿ ಏನು? ಬಿಸಲು ತಲಿಗೆ ಹತ್ಯಾದ ನಿನಗ. ಮನಿಗೆ ಹೋಗಿ ಮಕ್ಕೊ."

"ಸಾವ್ಕಾರ್ರ, ಆಕಿ ನೆಲ್ಲು ಜೊಳ್ಳಾಗ್ತದ."

"ಆಕಿಗೂ ನಿನಗೂ ಏನು ಸಂಬಂಧ?"

ಇಪ್ಪತ್ತು ವರ್ಷ ಅವರ ಕೆಲಸ ಮಾಡಿದವನು ನಾನು. ತುಂಡು ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ಎದ್ದು ಹೊರಡುವಾಗ ಅವರೇ ಹಿಂದಿನಿಂದ ಹೇಳಿದರು. "ನಾಡದು ನಿನ್ನ ಮಂದಿ ಕರಕೊಂಡು ಬಂದು ಪೈಪಿನ ಎರಡೂ ಬಾಯಿಗೆ ಕಾಂಕ್ರೀಟ್ ತುಂಬು. ಆಮ್ಯಾಲೆ ಕೆಟ್ಟ ಜಾಗ ಕಿತ್ತು ಹಾಕು."

"ನನ್ನ ಕೈಲೆ ಆಗಂಗಿಲ್ರೀ."

"ಹಂಗಾರ ನಾಳಿಯಿಂದ ಬರಬ್ಯಾಡ."

ಆಗಲಿ ಅಂದೆ. ಮೆಟ್ಟಿಲು ಇಳಿದ ಮೇಲೆ, ನಾನು ಬಿಟ್ಟರೆ ಪೈಪು ಉಳಿಯುತ್ತದೆ ಅನ್ನುವ ಒಂದು ಭ್ರಮೆ ಇತ್ತು. ಉಳಿಯಲಿಲ್ಲ. ನನ್ನ ಕೈಕೆಳಗೇ ಹನ್ನೆರಡು ವರ್ಷ ಬೆಳೆದವನನ್ನು ಮೇಸ್ತ್ರಿ ಮಾಡಿ ಕಳಿಸಿದರು. ಅವನು ಕಾಂಕ್ರೀಟ್ ಕಲಸುವ ದಿನ ನಾನು ಹೋದೆ. ಯಕ್ಕ ಪೈಪಿನ ಬಾಯಿಗೆ ಅಡ್ಡ ನಿಂತಿದ್ದಳು. ಕಚೇರಿಯವರೊಬ್ಬರು ಕಾಗದ ತೋರಿಸಿ ಸರಿಸಿದರು. ನಾನು ಅವಳ ಮುಂದೆಯೇ, ಕೇಳುವವರೆಲ್ಲ ಕೇಳಲಿ ಅಂತ, ತಪ್ಪು ನನ್ನದೆಂದು ಒದರಿದೆ. ಯಾರೂ ತಿರುಗಿ ನೋಡಲಿಲ್ಲ. ಆ ಕಾಗದದಲ್ಲಿ ನನ್ನ ಹೆಸರಿರಲಿಲ್ಲ.

ಕಾಂಕ್ರೀಟ್ ತುಂಬಿದ ಮೇಲೆ ಮಾಲಿನ ಟಿಪ್ಪರ್ ಬಂತು. ತೊಟ್ಟಿ ಎತ್ತುವ ಮೊದಲೇ ವಾಸನೆ ಬಂತು. ಹೊಸ ಮೇಸ್ತ್ರಿಯನ್ನು ಬದಿಗೆ ಕರೆದೆ.

"ಲೇ ತಮ್ಮಾ, ಡೀಸೆಲ್ ಬ್ಯಾಡೋ. ಸೋಪಿನ ನೀರು ತೆಳ್ಳಗ, ಎಲ್ಲಾ ಕಡೆ ಸಮಾ ಹೊಡಿಸು. ಮ್ಯಾಲೆ ತಾಡಪತ್ರಿ ಬಿಗಿ ಮಾಡಿಸು. ಮಾಲು ಆರಲಿಲ್ಲಂದ್ರ ಅಂಟಂಗಿಲ್ಲ."

ಅವನು ತಲೆ ಕೆರೆದುಕೊಂಡ. ತಪ್ಪಿಸಿಕೊಳ್ಳುವ ನೋಟವಲ್ಲ, ಪ್ರೀತಿಯಿಂದಲೇ ನೋಡಿದ. "ಅಣ್ಣಾ, ಕಸಬರಿಗಿ ಹಿಡಿಯೂದು ನನಗ ಕಲಿಸಿದವರ್ಯಾರು? ನೀವಲ್ಲೇನು? ಈಗ ಸಾವ್ಕಾರ್ರಿಗೆ ಏನಂತ ಹೇಳಲಿ, ನಮ್ಮ ಅಣ್ಣ ಮನಸು ಬದಲಿ ಮಾಡ್ಯಾನ ಅಂತ ಹೇಳಲೇನು?"

ಕೈ ಬೀಸಿದ. ತೊಟ್ಟಿ ಎದ್ದಿತು.

ಆಮೇಲೆ ನಾನು ಕೆಲಸ ಕೇಳಿದ ಕಡೆಯೆಲ್ಲ "ಆ ಡೀಸೆಲ್ ಮೇಸ್ತ್ರಿ ಅಲ್ಲೇನು" ಅಂತ ನಕ್ಕರು. ಕಚೇರಿಯಲ್ಲಿ ಲೆಕ್ಕಕ್ಕೆ ಬಾರದ ಮಾತು ಬೇರೆಲ್ಲ ಕಡೆ ಲೆಕ್ಕಕ್ಕೆ ಬಂದಿತ್ತು. ಈಗ ಜಾಲಹಳ್ಳಿ ಕಡೆಯ ಒಬ್ಬ ಸಣ್ಣ ಗುತ್ತಿಗೆದಾರನ ಹತ್ತಿರ ರಸ್ತೆಯ ತಗ್ಗು ತುಂಬುವ ಕೆಲಸ ಮಾಡುತ್ತೇನೆ. ಚೀಲದಲ್ಲಿ ಬರುವ ತಣ್ಣನೆ ಮಾಲು ಅದು. ಅದಕ್ಕೆ ಬಿಸಿ ನೋಡುವವನು ಬೇಕಾಗಿಲ್ಲ. ಮೇಡಂ ಪ್ಲಾಂಟ್ ಬಿಟ್ಟು ಹೋದರೆಂದು ಕೇಳಿದೆ. ಯಾಕೆ, ಎಲ್ಲಿಗೆ, ಯಾರಿಗೂ ಗೊತ್ತಿಲ್ಲ.

ಆ ಬೆಳೆಯ ಕೊಯ್ಲಿನ ಹೊತ್ತಿಗೆ ಒಂದು ಸಲ ಹಿರೇಕೊಟ್ನೆಕಲ್ ಕಡೆ ಹೋದೆ. ಯಕ್ಕ ಬಂದಷ್ಟು ನೆಲ್ಲನ್ನು ರಸ್ತೆಯ ಒಂದು ಮಗ್ಗುಲು ಹರವಿ ಒಣಗಿಸುತ್ತಿದ್ದಳು. ನಾಲ್ಕು ಎಕರೆ ನೆಲ್ಲು ಒಂದು ಮನೆ ಅಂಗಳದಷ್ಟೂ ಇರಲಿಲ್ಲ. ಹರವಿದ್ದು ರಿಪೇರಿ ಮಾಡಿದ ಜಾಗದ ಮೇಲೆ. ಹೊಸ ಡಾಂಬರು ಕಪ್ಪಗೆ ಹೆಚ್ಚು ಕಾಯುತ್ತದೆ, ಬೇಗ ಒಣಗುತ್ತದೆ ಅಂತ ಅವಳ ಲೆಕ್ಕ. ಅವಳು ನನ್ನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಮೊಣಕಾಲೂರಿ ನೆಲ್ಲು ಸರಿಸಿ ರಸ್ತೆ ಮುಟ್ಟಿದೆ. ಬೆರಳು ಅಂಟಿತು.

"ಯಕ್ಕಾ, ಇಲ್ಲಿ ಬ್ಯಾಡ. ಮೆತ್ತಗಾಗಾಕತ್ತದ. ಮುಂದ ಗಟ್ಟಿ ಜಾಗ ಅದ, ಅಲ್ಲಿ ಎಳೆಯೋಣ."

ಅವಳು ಒಂದು ಹಲಗೆ ನನ್ನ ಕಡೆ ಸರಿಸಿದಳು. ಇಬ್ಬರೂ ಕೂಡಿ ಎಳೆದೆವು, ನಲವತ್ತು ಹೆಜ್ಜೆ ಮುಂದಕ್ಕೆ. ಮೇಲಿನ ನೆಲ್ಲು ಎಲ್ಲ ಬಂತು. ತಳದ್ದು ಡಾಂಬರಿನಲ್ಲಿ ಊರಿಕೊಂಡಿತ್ತು. ನಾನು ಉಗುರಿನಿಂದ ಒಂದೊಂದೇ ಎಬ್ಬಿಸತೊಡಗಿದೆ. ಎಬ್ಬಿಸಿದ ಕಾಳಿಗೆಲ್ಲ ಒಂದು ಕಡೆ ಕಪ್ಪು ಹತ್ತಿತ್ತು.

ಯಕ್ಕ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಬಿಡೋ ತಮ್ಮಾ," ಅಂದಳು. "ಹೆಂಗೂ ಅವು ಜೊಳ್ಳು."